ಏರಿಯಿಂದ ಕೆಳಗೂ ಒಮ್ಮೆ ಇಳಿದು ಬನ್ನಿ: ಸಣ್ಣ ಅಣೆಕಟ್ಟುಗಳನ್ನು ನೋಡಿಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ಸಣ್ಣ ಅಣೆಕಟ್ಟುಗಳ ಜವಾಬ್ದಾರಿ ಹೊತ್ತಿರುವ ಎಂಜಿನಿಯರುಗಳಿಗೆ ಮತ್ತು ಅಧಿಕಾರಿಗಳಿಗೆ ನಮಸ್ಕಾರಗಳು.

ನಾನು ಒಂದು ಸಣ್ಣ ಅಣೆಕಟ್ಟಿನ ಕೆಳಗೆ ವಾಸ ಮಾಡುವವಳು. ಏರಿ ಮೇಲೆ ನಿಂತರೆ ನಮ್ಮ ಮನೆಯ ಚಾವಣಿ ಕಾಣುತ್ತದೆ. ಊರಿನ ಹೆಸರು ಬರೆಯುತ್ತಿಲ್ಲ. ನಾನು ಹೇಳಲು ಹೊರಟಿರುವುದು ಒಂದು ಊರಿನ ಮಾತಲ್ಲ. ಮಣ್ಣಿನ ಏರಿ, ನೀರು ಬಿಡುವ ಒಂದು ತೂಬು, ಹೆಚ್ಚಾದ ನೀರು ಹೊರಗೆ ಹರಿದುಹೋಗಲು ಪಕ್ಕಕ್ಕೊಂದು ಕೋಡಿ, ಕೆಳಗೆ ನಾಲ್ಕು ಮನೆ ಎಲ್ಲಿದ್ದರೂ ಈ ಮಾತು ಅಲ್ಲಿಗೆ ಸಲ್ಲುತ್ತದೆ.

ಕೆಲವು ತಿಂಗಳ ಹಿಂದೆ ಒಂದು ಕಚೇರಿಗೆ ಹೋಗಿ, ನಮ್ಮ ಅಣೆಕಟ್ಟಿಗೆ ಯಾವ ಅಪಾಯ ಶ್ರೇಣಿ ಕೊಟ್ಟಿದ್ದೀರಿ ಎಂದು ಕೇಳಿದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. ಹಳೇ ಫೈಲ್ ತೆಗೆದು ತೋರಿಸಿದರು. 'ಕಡಿಮೆ ಅಪಾಯ' ಎಂದಿತ್ತು. ನನಗೆ ದೊಡ್ಡ ನೆಮ್ಮದಿ. ಮನೆಗೆ ಬಂದು, 'ನಮ್ಮ ಕಟ್ಟೆ ಗಟ್ಟಿ ಇದೆಯಂತೆ' ಎಂದು ಎಲ್ಲರಿಗೂ ಹೇಳಿದೆ.

ನಾನು ಹೇಳಿದ್ದು ತಪ್ಪು. ಅದು ತಪ್ಪು ಅಂತ ಗೊತ್ತಾಗಲು ನನಗೆ ಎಷ್ಟೋ ದಿನ ಬೇಕಾಯಿತು. ಅಪಾಯ ಶ್ರೇಣಿ ಕಟ್ಟೆ ಗಟ್ಟಿ ಇದೆಯಾ, ಶಿಥಿಲವಾಗಿದೆಯಾ ಎಂದು ಹೇಳುವುದೇ ಇಲ್ಲ. ಕಟ್ಟೆ ಒಡೆದರೆ ಕೆಳಗೆ ಏನಾಗುತ್ತದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ಅಮೆರಿಕದಲ್ಲಿ ಬಳಸುವ ಪದ್ಧತಿ ತುಂಬಾ ಸರಳ. ಒಡೆದರೆ ಒಂದು ಜೀವ ಹೋಗುವ ಸಂಭವವಿದ್ದರೂ ಅದು 'ಹೆಚ್ಚು ಅಪಾಯ'. ಜೀವ ಹೋಗಲಿಕ್ಕಿಲ್ಲ, ಆದರೆ ರಸ್ತೆ, ವಿದ್ಯುತ್, ಆಸ್ತಿಗೆ ದೊಡ್ಡ ಹಾನಿ ಆಗುತ್ತದೆ ಅಂತಾದರೆ 'ಗಣನೀಯ ಅಪಾಯ'. ಇದೆರಡೂ ಇಲ್ಲದಿದ್ದರೆ 'ಕಡಿಮೆ ಅಪಾಯ'. ನಿನ್ನೆ ಕಟ್ಟಿದ ಗಟ್ಟಿಮುಟ್ಟಾದ ಅಣೆಕಟ್ಟಿನ ಕೆಳಗೆ ಒಂದು ಮನೆ ಇದ್ದರೆ ಅದು ಹೆಚ್ಚು ಅಪಾಯದ್ದು. ಬಿರುಕು ಬಿಟ್ಟು ಸೋರುತ್ತಿರುವ ಕಟ್ಟೆಯ ಕೆಳಗೆ ಬರೀ ಬಯಲಿದ್ದರೆ ಅದು ಕಡಿಮೆ ಅಪಾಯದ್ದು. ಕಟ್ಟೆಯ ಆರೋಗ್ಯಕ್ಕೆ ಬೇರೆಯದೇ ಶ್ರೇಣಿ ಇದೆ. ತೃಪ್ತಿಕರ, ಸಾಧಾರಣ, ಕಳಪೆ, ಅತೃಪ್ತಿಕರ ಎಂದು ಅದನ್ನು ಬೇರೆಯಾಗಿ ಬರೆಯುತ್ತಾರೆ.

ಇದು ನಿಮಗೆ ಗೊತ್ತಿಲ್ಲದ್ದಲ್ಲ. ಆದರೆ ಕೆಳಗಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಿಲ್ಲ. 'ಕಡಿಮೆ ಅಪಾಯ' ಎಂಬ ಎರಡು ಪದ ಕೇಳಿದವರು ಯಾರಾದರೂ ನನ್ನ ಹಾಗೆಯೇ ಅರ್ಥ ಮಾಡಿಕೊಳ್ಳುತ್ತಾರೆ, ಅಲ್ವಾ?

ಮತ್ತೊಮ್ಮೆ ಹೋಗಿ ಆ ಫೈಲ್ ನೋಡಿದೆ. ಶ್ರೇಣಿ ಬರೆದ ಕಾಲಕ್ಕೆ ಕಟ್ಟೆಯ ಕೆಳಗಿದ್ದದ್ದು ಬರೀ ಗದ್ದೆ. ಈಗ ಹಳ್ಳದ ಎರಡೂ ದಡಕ್ಕೆ ಮನೆಗಳಿವೆ. ನಮ್ಮ ಮನೆಯೂ ಆಮೇಲೆ ಬಂದದ್ದೇ. ಮಕ್ಕಳು ಓದುವ ಶಾಲೆಯೊಂದಿದೆ. ಕಟ್ಟೆ ಒಂದಡಿಯೂ ಎತ್ತರವಾಗಿಲ್ಲ, ನೀರೂ ಜಾಸ್ತಿಯಾಗಿಲ್ಲ. ಅದರ ಕೆಳಗೆ ಜನ ಬಂದಿದ್ದಾರೆ, ಅಷ್ಟೇ. ಶ್ರೇಣಿ ಅಳೆಯುವುದೇ ಕೆಳಗಿರುವ ಜನರನ್ನು ಅಂದಮೇಲೆ, ಮೊದಲ ಮನೆಗೆ ಪಾಯ ಹಾಕಿದ ದಿನವೇ ಅದು ಬದಲಾಗಬೇಕಿತ್ತು. ಬದಲಾಗಿಲ್ಲ. ಏಕೆಂದರೆ ಪರಿಶೀಲನೆಗೆ ಬಂದವರೆಲ್ಲ ಏರಿಯ ಮೇಲೆ ನಡೆದು, ತೂಬು ನೋಡಿ, ಕೋಡಿ ನೋಡಿ ವಾಪಸ್ ಹೋಗಿದ್ದಾರೆ. ಕೆಳಗೆ ಇಳಿದವರಿಲ್ಲ.

ಇದರ ಬೆಲೆ ಏನು ಎಂಬುದಕ್ಕೆ ಹವಾಯಿಯ ಕವಾಯಿ ದ್ವೀಪದಲ್ಲಿ ನಡೆದದ್ದನ್ನು ಹೇಳಬೇಕು. ಅಲ್ಲಿ ಕಾ ಲೋಕೊ ಎಂಬ ಮಣ್ಣಿನ ಅಣೆಕಟ್ಟು ಇತ್ತು. 19ನೇ ಶತಮಾನದ ಕೊನೆಯಲ್ಲಿ ಕಬ್ಬಿನ ತೋಟಗಳಿಗೆ ನೀರು ಕೊಡಲು ಕಟ್ಟಿದ್ದು. ದಾಖಲೆಯಲ್ಲಿ ಅದು 'ಕಡಿಮೆ ಅಪಾಯ'ದ ಅಣೆಕಟ್ಟು. ವಾರಗಟ್ಟಲೆ ಮಳೆ ಹಿಡಿದು, 2006ರ ಮಾರ್ಚ್ 14ರ ಬೆಳಗಿನ ಜಾವ ಅದು ಒಡೆಯಿತು. ಕೆಳಗೆ ಮನೆಗಳಲ್ಲಿ ಮಲಗಿದ್ದ ಏಳು ಜನ ಕೊಚ್ಚಿ ಹೋದರು. ಕೋಡಿಯನ್ನು ಮಣ್ಣು ತುಂಬಿ ಮುಚ್ಚಿರುವ ಸಾಧ್ಯತೆಯಿದೆ ಎಂದು ಆಮೇಲೆ ತನಿಖೆಯಲ್ಲಿ ಹೊರಬಂತು. ಶ್ರೇಣಿಯೇ ತಪ್ಪಾಗಿತ್ತು ಎಂಬುದೂ ಬಂತು. ಹದಿಮೂರು ವರ್ಷ ಕಳೆದು ಅದೇ ಮಾರ್ಚ್ 14ಕ್ಕೆ, 2019ರಲ್ಲಿ, ನೆಬ್ರಾಸ್ಕದ ಸ್ಪೆನ್ಸರ್ ಅಣೆಕಟ್ಟು ಪ್ರವಾಹ ಮತ್ತು ಮಂಜುಗಡ್ಡೆಯ ಹೊಡೆತಕ್ಕೆ ಒಡೆಯಿತು. ಎತ್ತರ ಒಂಬತ್ತು ಮೀಟರಿನ ಆಸುಪಾಸು. ಅದರ ಶ್ರೇಣಿ 'ಗಣನೀಯ', ಅಂದರೆ ಜೀವಹಾನಿ ಆಗಲಿಕ್ಕಿಲ್ಲ ಎಂಬ ಲೆಕ್ಕ. ಆದರೆ ಕಟ್ಟೆಯ ಕೆಳಗೇ ಒಬ್ಬರ ಮನೆ ಇತ್ತು. ಆ ಮನೆಯೂ ಹೋಯಿತು, ಅವರೂ ಹೋದರು. ಒಂದು ಸಲ ಕೆಳಗೆ ನಡೆದು ಬಂದಿದ್ದರೆ ಆ ಮನೆ ಕಣ್ಣಿಗೆ ಬೀಳುತ್ತಿತ್ತು.

ಇಂಡೋನೇಷ್ಯಾದ ಜಕಾರ್ತಾ ಪಕ್ಕದಲ್ಲಿ ಸಿತು ಗಿಂತುಂಗ್ ಎಂಬ ಕೆರೆ ಇತ್ತು. ಡಚ್ಚರು 1930ರ ದಶಕದಲ್ಲಿ ಏರಿ ಹಾಕಿ ಮಾಡಿದ್ದು, ಗದ್ದೆಗಳಿಗೆ ನೀರುಣಿಸಲು. ನಗರ ಬೆಳೆಯಿತು. ಗದ್ದೆ ಹೋಗಿ ಒತ್ತೊತ್ತಾಗಿ ಮನೆಗಳು ಬಂದವು. ಏರಿ ಮಾತ್ರ ಗದ್ದೆ ಕಾಲದ್ದೇ. 2009ರ ಮಾರ್ಚ್ 27ರಂದು ಸೂರ್ಯ ಹುಟ್ಟುವ ಮುಂಚೆ ಅದು ಒಡೆದಾಗ ಸುಮಾರು ನೂರು ಜನ ಸತ್ತರು.

ಶ್ರೇಣಿ ತಪ್ಪಾದರೆ ತಪ್ಪಾಗುವುದು ಒಂದು ಪದ ಮಾತ್ರ ಅಲ್ಲ. ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ವರ್ಷಕ್ಕೆ ಎಷ್ಟು ಸಲ ಪರಿಶೀಲನೆ, ತುರ್ತು ಯೋಜನೆ ಬೇಕಾ ಬೇಡವಾ, ಕೋಡಿ ಎಷ್ಟು ಪ್ರವಾಹಕ್ಕೆ ತಾಳಬೇಕು ಎಂಬುದು ಬಹಳ ಕಡೆ ಶ್ರೇಣಿ ನೋಡಿಯೇ ತೀರ್ಮಾನವಾಗುತ್ತದೆ. ಸಣ್ಣ ಅಣೆಕಟ್ಟಿನ ಕೋಡಿಗೆ ಸಾಮಾನ್ಯವಾಗಿ ನೂರು ವರ್ಷದ ಪ್ರವಾಹ ಎಂಬ ಲೆಕ್ಕ ಹಿಡಿಯುತ್ತಾರೆ. ಕೇಳಿದರೆ ಇನ್ನು ನೂರು ವರ್ಷ ಚಿಂತೆಯಿಲ್ಲ ಅನ್ನಿಸುತ್ತದೆ. ಹಾಗಲ್ಲ. ಯಾವುದೇ ಒಂದು ವರ್ಷದಲ್ಲಿ ಅಂಥ ಪ್ರವಾಹ ಬರುವ ಸಾಧ್ಯತೆ ಶೇಕಡಾ 1 ಎಂದರ್ಥ. ಐವತ್ತು ವರ್ಷಕ್ಕೆ ಇದನ್ನು ಲೆಕ್ಕ ಹಾಕಿದರೆ ಒಮ್ಮೆಯಾದರೂ ಬರುವ ಸಾಧ್ಯತೆ ಶೇಕಡಾ 39 ದಾಟುತ್ತದೆ. ಕೆಳಗೆ ಬಯಲಿದ್ದರೆ ಅದು ಒಪ್ಪುವ ಮಾತು. ಕೆಳಗೆ ಶಾಲೆ ಇದ್ದರೆ? ಕೋಡಿಗೆ ತಾಳದಷ್ಟು ನೀರು ಬಂದು ಮಣ್ಣಿನ ಏರಿಯ ಮೇಲೆಯೇ ಹರಿಯಲು ಶುರುವಾದರೆ ಏರಿ ತಡೆಯುವುದು ಕಷ್ಟ. ಮೊದಲು ಹಿಂಬದಿಯ ಇಳಿಜಾರಿನ ಮಣ್ಣು ಕೊರೆಯುತ್ತದೆ, ಆಮೇಲೆ ಕೊರೆತ ಮೇಲಕ್ಕೆ ಏರುತ್ತಾ ನೆತ್ತಿಯನ್ನೇ ಕತ್ತರಿಸುತ್ತದೆ. ಅದಕ್ಕೇ ಕೋಡಿಗೆ ಮೀನಿನ ಬಲೆ ಕಟ್ಟಿದ್ದು, ನಾಲ್ಕು ದಿನ ನೀರು ಜಾಸ್ತಿ ನಿಲ್ಲಲಿ ಅಂತ ಮರಳಿನ ಮೂಟೆ ಪೇರಿಸಿದ್ದು ಕಂಡರೆ ನನಗೆ ಎದೆ ಧಸಕ್ ಅನ್ನುತ್ತದೆ. ಕೋಡಿಯ ಅಗಲದಲ್ಲಿ ಒಂದಡಿ ಕಡಿಮೆಯಾದರೂ ಅಷ್ಟು ನೀರು ಏರಿಯ ನೆತ್ತಿಯ ಕಡೆ ದಾರಿ ಹುಡುಕುತ್ತದೆ.

'ಇದು ಸಣ್ಣದು ಬಿಡಿ' ಎಂಬ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಕಾನೂನುಗಳೂ ಒಂದು ಗೆರೆ ಎಳೆಯುತ್ತವೆ. ಭಾರತದ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವನ್ನು ನೋಡುತ್ತದೆ. 10ರಿಂದ 15 ಮೀಟರ್ ನಡುವಿನದಾದರೆ ಉದ್ದ 500 ಮೀಟರ್, ನೀರು 10 ಲಕ್ಷ ಘನ ಮೀಟರ್ ಎಂಬಂಥ ಷರತ್ತುಗಳಲ್ಲಿ ಒಂದಾದರೂ ಇರಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪರಿಶೀಲನೆ, ತುರ್ತು ಯೋಜನೆ, ಎಲ್ಲವೂ ಆ ಕಾಯ್ದೆಯಲ್ಲಿದೆ. ಒಳ್ಳೆಯ ಕಾಯ್ದೆ. ಆದರೆ ಒಂಬತ್ತು ಮೀಟರಿನ ಏರಿ ಅದರ ಹೊರಗೆ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ಗೆರೆ ಇರುವುದು 25,000 ಘನ ಮೀಟರಿಗೆ. ವೇಲ್ಸ್‌ನವರು 2016ರಲ್ಲಿ ಅದನ್ನು 10,000ಕ್ಕೆ ಇಳಿಸಿದರು. ಒಂದು ಘನ ಮೀಟರ್ ನೀರೆಂದರೆ ಒಂದು ಟನ್. ಹತ್ತು ಸಾವಿರ ಟನ್ ನೀರು ಇಳಿಜಾರಿನಲ್ಲಿ ಒಮ್ಮೆಲೇ ನುಗ್ಗಿದರೆ ಹೇಗಿರುತ್ತದೆ ಎಂದು ಯೋಚಿಸಿ ನೋಡಿ. ಮೊಣಕಾಲಿನಷ್ಟು ಆಳದ ನೀರು ಜೋರಾಗಿ ಹರಿದರೂ ದೊಡ್ಡವರೇ ಬೀಳುತ್ತಾರೆ. ನೀರಿಗೆ ಗೆರೆ ಗೊತ್ತಾಗುವುದಿಲ್ಲ.

ಅಮೆರಿಕದ ಜಾರ್ಜಿಯಾದಲ್ಲಿ ಕೆಲ್ಲಿ ಬಾರ್ನ್ಸ್ ಎಂಬ ಅಣೆಕಟ್ಟು ಇತ್ತು. ಎತ್ತರ ಸುಮಾರು 12 ಮೀಟರ್. 1977ರ ನವೆಂಬರ್ 6ರ ನಡುರಾತ್ರಿ ಕಳೆದ ಮೇಲೆ, ಮಳೆಯ ನಡುವೆ ಅದು ಒಡೆದು, ಕೆಳಗಿದ್ದ ಕಾಲೇಜಿನ ವಸತಿ ಪ್ರದೇಶಕ್ಕೆ ನುಗ್ಗಿತು. 39 ಜನ ಸತ್ತರು. ಅವರಲ್ಲಿ ಎಷ್ಟೋ ಮಂದಿ ಮಕ್ಕಳು. ಅದಾದ ಮೇಲೆಯೇ ಅಧ್ಯಕ್ಷ ಕಾರ್ಟರ್, ಸರ್ಕಾರದ ಕೈಯಲ್ಲಿಲ್ಲದ ಅಪಾಯದ ಅಣೆಕಟ್ಟುಗಳನ್ನೂ ಪರಿಶೀಲಿಸಲು ಹೇಳಿದ್ದು. ನಮ್ಮ ಪಕ್ಕದ ಮಹಾರಾಷ್ಟ್ರದ ತಿವರೆ ಅಣೆಕಟ್ಟು ಒಡೆದದ್ದು 2019ರ ಜುಲೈ 2ರ ರಾತ್ರಿ. ಅದು ಹಳೆಯದೇನಲ್ಲ. ಸೋರುತ್ತಿದೆ ಎಂದು ಊರವರು ಮುಂಚೆಯೇ ಹೇಳಿದ್ದರು. ಹೇಳಿದವರ ಊರೇ ಕೊಚ್ಚಿ ಹೋಯಿತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಸೋರಿಕೆಯ ವಿಷಯ ಬಂದದ್ದರಿಂದ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ನಮ್ಮ ಏರಿಯ ಬುಡದಲ್ಲಿ, ತೂಬಿನ ಕೊಳವೆ ಹೊರಗೆ ಬರುವ ಜಾಗದಿಂದ ಹತ್ತು ಹೆಜ್ಜೆ ಪಕ್ಕಕ್ಕೆ, ಒಂದು ಚಾಪೆಯಷ್ಟು ಅಗಲ ಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಸುತ್ತಲಿನ ಹುಲ್ಲೆಲ್ಲ ಒಣಗಿ ಕಂದಾಗಿರುವಾಗ ಅದೊಂದೇ ಹಸಿರು. ಕಾಲಿಟ್ಟರೆ ಹಿಮ್ಮಡಿ ಹೂತುಹೋಗುತ್ತದೆ. ಅಲ್ಲಿಂದ ಬೆರಳು ಗಾತ್ರದ ನೀರು ಸಣ್ಣಗೆ ಹರಿದು ಹಳ್ಳ ಸೇರುತ್ತದೆ. ಮಣ್ಣಿನ ಏರಿ ಅಂದಮೇಲೆ ಸ್ವಲ್ಪ ಜಿನುಗುವುದು ಸಹಜ ಎಂದು ಓದಿ ತಿಳಿದಿದ್ದೆ. ನೀರು ತಿಳಿಯಾಗಿದ್ದು, ಪ್ರಮಾಣ ಒಂದೇ ಸಮ ಇದ್ದರೆ ಹೆದರಬೇಕಿಲ್ಲ. ಕದಡಿ ಬಂದರೆ ಅಥವಾ ಪ್ರಮಾಣ ಏರಿದರೆ ಹುಷಾರಾಗಬೇಕು. ಅದಕ್ಕೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಪ್ರತಿ ಭಾನುವಾರ ಒಂದು ಗಾಜಿನ ಬಾಟಲಿಯಲ್ಲಿ ಆ ನೀರು ಹಿಡಿದು ತಂದು ಕಿಟಕಿಯಲ್ಲಿ ಇಡುವುದು, ರಾತ್ರಿಯೆಲ್ಲ ಅಲುಗಾಡಿಸದೆ ಬಿಡುವುದು. ಬಹಳ ವಾರ ಏನೂ ಇರಲಿಲ್ಲ. ಒಂದು ವಾರ ಜಡಿಮಳೆ ಹೊಡೆದು ಕಟ್ಟೆ ತುಂಬಿತು. ಮರುದಿನ ಬೆಳಿಗ್ಗೆ ಬಾಟಲಿಯ ತಳದಲ್ಲಿ ಉಗುರಿನಷ್ಟು ತೆಳ್ಳಗೆ, ನುಣ್ಣಗೆ, ಒಂದು ಕಂದು ಗೆರೆ ಕಂಡಿತು.

ಆ ಗೆರೆ ಏರಿಯ ಮಣ್ಣು. ನೀರು ಒಳಗಿನಿಂದ ಒಂದೊಂದೇ ಕಣ ಹೊತ್ತು ತರುತ್ತಿದೆ ಎಂದರೆ ಅಷ್ಟು ಜಾಗ ಒಳಗೆ ಟೊಳ್ಳಾಗುತ್ತಿದೆ. ಆ ಟೊಳ್ಳು ಹೊರಗಿನಿಂದ ಒಳಕ್ಕೆ, ನೀರಿನ ಕಡೆಗೆ, ಕೊಳವೆಯ ಹಾಗೆ ಉದ್ದವಾಗುತ್ತಾ ಹೋಗುತ್ತದೆ. ತೂಬಿನ ಕೊಳವೆಯ ಸುತ್ತ ಮಣ್ಣು ಸರಿಯಾಗಿ ಗಟ್ಟಿಯಾಗಿ ಕೂರದ ಕಾರಣ ಇದು ಜಾಸ್ತಿ ಅಲ್ಲೇ ಶುರುವಾಗುವುದು. ಏರಿ ಮೇಲೆ ಬೆಳೆದ ಮರ ಸತ್ತು ಬೇರು ಕೊಳೆತರೆ ಅದೂ ಒಂದು ದಾರಿ. ಹೆಗ್ಗಣ, ಏಡಿ ಕೊರೆದ ಬಿಲವೂ ದಾರಿಯೇ. ಇದು ಎಷ್ಟು ಬೇಗ ಕೈ ಮೀರುತ್ತದೆ ಎಂಬುದಕ್ಕೆ ಅಮೆರಿಕದ ಟೀಟನ್ ಅಣೆಕಟ್ಟನ್ನು ನೆನೆಯಬೇಕು. ಅದು ದೊಡ್ಡದು, 90 ಮೀಟರಿಗಿಂತ ಎತ್ತರ, ಹೊಸದು, ಮೊದಲ ಸಲ ನೀರು ತುಂಬಿಸುತ್ತಿದ್ದರು. 1976ರ ಜೂನ್ 5ರ ಬೆಳಿಗ್ಗೆ ಕೆಸರು ನೀರು ಸೋರುವುದು ಕಂಡಿತು. ಬುಲ್ಡೋಜರ್ ತಂದು ಮುಚ್ಚಲು ನೋಡಿದರು. ಮಧ್ಯಾಹ್ನ 12 ಗಂಟೆಯ ಹೊತ್ತಿಗೆ ಅಣೆಕಟ್ಟು ಒಡೆದುಹೋಗಿತ್ತು.

ಬಾಟಲಿ ತೆಗೆದುಕೊಂಡು ಹೋಗಿ ತೋರಿಸಿದೆ. 'ಅದು ಮೊದಲಿನಿಂದಲೂ ಹಾಗೇ ಇದೆ, ಭಯ ಬೇಡ' ಅಂದರು. ಮೊದಲಿನಿಂದಲೂ ಹಾಗೇ ಇದ್ದರೆ ಅದನ್ನು ಅಳೆದು ಬರೆದಿಟ್ಟ ಒಂದು ಪುಸ್ತಕ ಇರಬೇಕಲ್ಲ? ಇರಲಿಲ್ಲ. ಸೋರುವ ನೀರು ಹರಿಯುವ ಜಾಗದಲ್ಲಿ ವಿ ಆಕಾರಕ್ಕೆ ಕತ್ತರಿಸಿದ ಒಂದು ತಗಡು ನಿಲ್ಲಿಸಿದರೆ ಸಾಕು. ನೀರು ಆ ಕಚ್ಚಿನಲ್ಲಿ ಎಷ್ಟು ಎತ್ತರ ನಿಂತಿದೆ ಎಂದು ನೋಡಿ ದಿನಾ ಬರೆದರೆ ಸೋರಿಕೆ ಏರುತ್ತಿದೆಯಾ ಇಳಿಯುತ್ತಿದೆಯಾ ಗೊತ್ತಾಗುತ್ತದೆ. ಇದಕ್ಕೆ ದೊಡ್ಡ ಯಂತ್ರ ಬೇಡ, ದೊಡ್ಡ ಓದೂ ಬೇಡ. ನನಗೆ ಬಿಟ್ಟರೆ ನಾನೇ ಬರೆಯುತ್ತೇನೆ.

ಇದನ್ನೆಲ್ಲ ಜನರ ಮುಂದೆ ಇಟ್ಟರೆ ಸುಮ್ನೆ ಗಾಬರಿ ಆಗುತ್ತದೆ, ಜಾಗದ ಬೆಲೆ ಬೀಳುತ್ತದೆ ಎಂದು ಒಬ್ಬ ಹಿರಿಯ ಅಧಿಕಾರಿ ನನಗೆ ಹೇಳಿದರು. ಅವರ ಮಾತಿನಲ್ಲಿ ಕಾಳಜಿ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಪ್ಪಲಾರೆ. ಅಮೆರಿಕದಲ್ಲಿ 90,000ಕ್ಕೂ ಹೆಚ್ಚು ಅಣೆಕಟ್ಟುಗಳ ರಾಷ್ಟ್ರೀಯ ಪಟ್ಟಿ ಸಾರ್ವಜನಿಕರಿಗೆ ತೆರೆದಿದೆ. ಯಾರು ಬೇಕಾದರೂ ತಮ್ಮ ಮನೆಯ ಮೇಲಿರುವ ಕಟ್ಟೆಯ ಶ್ರೇಣಿ ನೋಡಬಹುದು. ಇಂಗ್ಲೆಂಡಿನಲ್ಲಿ ದೊಡ್ಡ ಜಲಾಶಯ ಒಡೆದರೆ ನೀರು ಎಲ್ಲಿಯವರೆಗೆ ಬರುತ್ತದೆ ಎಂಬ ನಕ್ಷೆಯನ್ನು ಜನ ನೋಡಬಹುದು. 2019ರ ಆಗಸ್ಟ್ 1ರಂದು ಅಲ್ಲಿನ ವೇಲಿ ಬ್ರಿಜ್ ಎಂಬ ಊರಿನ ಮೇಲಿರುವ ಟಾಡ್‌ಬ್ರೂಕ್ ಜಲಾಶಯದ ಕೋಡಿಯ ಕಾಂಕ್ರೀಟ್ ಹಾಸು ಕುಸಿಯಿತು. 19ನೇ ಶತಮಾನದ ಮಣ್ಣಿನ ಕಟ್ಟೆ ಅದು. ಸುಮಾರು 1,500 ಜನರನ್ನು ಮನೆ ಬಿಡಿಸಿದರು, ಹೆಲಿಕಾಪ್ಟರಿನಲ್ಲಿ ಜಲ್ಲಿ ಚೀಲ ತಂದು ಕುಸಿದ ಜಾಗಕ್ಕೆ ಸುರಿದರು, ಪಂಪ್ ಹಾಕಿ ನೀರು ಇಳಿಸಿದರು. ಜನ ಸಿಟ್ಟಾದರು, ಕಷ್ಟಪಟ್ಟರು. ಆದರೆ ಎಲ್ಲರೂ ಮನೆಗೆ ವಾಪಸ್ ಬಂದರು. ಒಂದು ಜೀವವೂ ಹೋಗಲಿಲ್ಲ.

ಜೀವ ಉಳಿಸುವುದು ಮುಂಚೆ ಸಿಗುವ ಸಮಯ. ಹಿಂದೆ ಒಡೆದ ಅಣೆಕಟ್ಟುಗಳ ಲೆಕ್ಕ ನೋಡಿದವರು ಹೇಳುವುದು ಒಂದೇ: ಒಂದೂವರೆ ಗಂಟೆ ಮುಂಚೆ ಸುದ್ದಿ ಮುಟ್ಟಿದ ಕಡೆ ಸಾವು ಬಹಳ ಕಡಿಮೆ, ಕಾಲು ಗಂಟೆಯೂ ಸಿಗದ ಕಡೆ ಬಹಳ ಜಾಸ್ತಿ. 1982ರ ಜುಲೈ 15ರ ಬೆಳಿಗ್ಗೆ ಕೊಲರಾಡೊದಲ್ಲಿ ಲಾನ್ ಲೇಕ್ ಎಂಬ ಎಂಟು ಮೀಟರಿನ ಅಣೆಕಟ್ಟು ಒಡೆದಾಗ ಮೊದಲು ಸುದ್ದಿ ಕೊಟ್ಟದ್ದು ಕಸ ಸಾಗಿಸಲು ಬಂದಿದ್ದ ಒಬ್ಬ ಕೆಲಸಗಾರ. ವಿಮಾನ ಬಂದಂಥ ಸದ್ದು ಕೇಳಿಸಿತು, ಕಲ್ಲು ಮರ ಉರುಳಿ ಬರುವುದು ಕಂಡಿತು. ತುರ್ತು ಫೋನ್ ಎಲ್ಲಿದೆ ಎಂದು ಆತನಿಗೆ ಗೊತ್ತಿತ್ತು, ಓಡಿ ಹೋಗಿ ತಿಳಿಸಿದ. ಮೂವರು ಸತ್ತರು, ಆದರೆ ಕೆಳಗಿನ ಪಟ್ಟಣಕ್ಕೆ ಎಚ್ಚರಿಕೆ ಮುಟ್ಟಿತು. ನಮ್ಮಲ್ಲಿ ಅಂಥ ಒಂದು ಬೆಳಿಗ್ಗೆ ಯಾರಿಗೆ ಫೋನ್ ಮಾಡಬೇಕು? ಯಾವ ಕಡೆ ಓಡಬೇಕು? ಹಳ್ಳದ ಪಕ್ಕದ ರಸ್ತೆಯಲ್ಲೇ ಓಡಿದರೆ ನೀರಿನ ಜೊತೆಗೇ ಓಡಿದ ಹಾಗೆ. ಅಡ್ಡಕ್ಕೆ, ದಿಬ್ಬ ಹತ್ತಬೇಕು. ಇದು ನಮ್ಮ ಬೀದಿಯ ಅಜ್ಜಿಯಂದಿರಿಗೂ ಮಕ್ಕಳಿಗೂ ಗೊತ್ತಿರಬೇಕು. ಗೊತ್ತಿಲ್ಲ.

ನಾನು ಕೇಳುವುದು ಇಷ್ಟು. ಮೊದಲು, ಫೈಲಿನಲ್ಲಿರುವ ಶ್ರೇಣಿಯನ್ನು ಹೊಸದಾಗಿ ಮಾಡಿ. ಕುರ್ಚಿಯಲ್ಲಿ ಕೂತು ಮಾಡಬೇಡಿ. ಏರಿಯಿಂದ ಇಳಿದು ಹಳ್ಳದ ಗುಂಟ, ನೀರು ಹರಡಬಹುದಾದಷ್ಟು ದೂರ ನಡೆದು, ಮನೆ ಎಣಿಸಿ ಮಾಡಿ. ಆಮೇಲೂ ಕೆಳಗೆ ಕಟ್ಟಡಕ್ಕೆ ಅನುಮತಿ ಕೊಡುವವರು ಯಾರೇ ಇರಲಿ, ಅವರ ಕಾಗದ ನಿಮ್ಮ ಮೇಜಿಗೂ ಬರುವ ಹಾಗೆ ಮಾಡಿ. ಹೊಸ ಮನೆ ಬಂದರೆ ಶ್ರೇಣಿ ಮತ್ತೆ ನೋಡಬೇಕು ಎಂಬುದು ನೆನಪಿನ ಮೇಲೆ ಬಿಡುವ ಕೆಲಸವಲ್ಲ. ಅಪಾಯದ ಶ್ರೇಣಿ ಒಂದು, ಕಟ್ಟೆಯ ಸ್ಥಿತಿ ಇನ್ನೊಂದು. ಎರಡನ್ನೂ ಜನಕ್ಕೆ ತಿಳಿಯುವ ಮಾತಿನಲ್ಲಿ ಬರೆದು, ಕೊನೆಯ ಪರಿಶೀಲನೆಯ ತಾರೀಖು ಹಾಕಿ, ಏರಿಯ ಪಕ್ಕ ಒಂದು ಬೋರ್ಡ್ ನಿಲ್ಲಿಸಿ. ಕೆಳಗೆ ಒಂದು ಫೋನ್ ನಂಬರ್ ಇರಲಿ, ರಾತ್ರಿ ಎರಡು ಗಂಟೆಗೂ ಎತ್ತುವ ನಂಬರ್. ಮುಳುಗಡೆ ನಕ್ಷೆಯನ್ನು ಶಾಲೆಯ ಗೋಡೆಗೆ ಅಂಟಿಸಿ. ಕೋಡಿಯ ಬಲೆ, ಮೂಟೆ ಮಳೆಗಾಲಕ್ಕೆ ಮುಂಚೆ ತೆಗೆಸಿ. ತೂಬಿನ ಗೇಟನ್ನು ವರ್ಷಕ್ಕೆ ಒಮ್ಮೆಯಾದರೂ ಪೂರ್ತಿ ತೆರೆದು ಮುಚ್ಚಿ ನೋಡಿ. ತುಕ್ಕು ಹಿಡಿದು ಕೂತ ಚಕ್ರ ಬೇಕಾದ ದಿನ ತಿರುಗುವುದಿಲ್ಲ. ಗೇಟ್ ತೆರೆಯದಿದ್ದರೆ ನೀರು ಇಳಿಸಲು ಪಂಪ್ ತರಿಸುವವರೆಗೆ ಕಾಯಬೇಕಾಗುತ್ತದೆ.

ಹಣ ಕಡಿಮೆ, ಜನ ಕಡಿಮೆ, ಕಟ್ಟೆಗಳು ನೂರಾರು ಎಂಬುದು ಗೊತ್ತು. ಒಬ್ಬ ಎಂಜಿನಿಯರ್ ಎಷ್ಟು ಏರಿ ಹತ್ತಬಲ್ಲರು? ಆದರೆ ಕೆಳಗೆ ನಾವಿದ್ದೇವೆ. ದಿನಾ ಏರಿ ನೋಡುವವರು ನಾವು. ಏನನ್ನು ನೋಡಬೇಕು, ಯಾವುದು ಹೊಸ ಬಿರುಕು, ಯಾವುದು ಹಳೆಯದು, ಯಾವಾಗ ನಿಮಗೆ ತಿಳಿಸಬೇಕು ಎಂದು ಒಂದು ದಿನ ಬಂದು ಹೇಳಿಕೊಟ್ಟರೆ ಉಳಿದ ದಿನ ನಾವು ನೋಡುತ್ತೇವೆ.

ಆ ಬಾಟಲಿ ಇನ್ನೂ ನಮ್ಮ ಕಿಟಕಿಯಲ್ಲಿದೆ. ಚೀಟಿ ಅಂಟಿಸಿ ತಾರೀಖು ಬರೆದಿದ್ದೇನೆ. ಪಕ್ಕದಲ್ಲಿ ಆಮೇಲಿನ ವಾರಗಳ ಬಾಟಲಿಗಳೂ ಇವೆ. ನೀವು ಬರುವ ದಿನ ಮುಂಚೆ ತಿಳಿಸಿ. ಕೆಳಗಿನ ಮನೆಗಳವರನ್ನೂ ಕರೆದುಕೊಂಡು ಏರಿಯ ಬುಡದಲ್ಲಿ ಕಾಯುತ್ತಿರುತ್ತೇನೆ.

ಇಂತಿ,
ಅಣೆಕಟ್ಟಿನ ಕೆಳಗಿನ ಮನೆಯವಳು